ಬಗ್ ಬೌಂಟಿಗೆ ಇಳಿಯುವ ಮುನ್ನ: ದಾವಣಗೆರೆ, ಚಿತ್ರದುರ್ಗದ ಕಲಿಯುವ ಮಕ್ಕಳಿಗೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಆರೇಳು ಮಂದಿ ಬಗ್ ಬೌಂಟಿ, ಅಂದರೆ ವೆಬ್‌ಸೈಟ್, ಆ್ಯಪ್‌ಗಳ ಭದ್ರತಾ ಲೋಪ (ಬಗ್) ಹುಡುಕಿ ತಿಳಿಸಿ ಬಹುಮಾನ ಪಡೆಯುವ ಕೆಲಸ ಕಲಿಯಲು ಸೇರುತ್ತಾರೆ. ಹೆಚ್ಚಿನವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಒಬ್ಬಳು ಬಿ.ಕಾಂ. ಓದುತ್ತಿದ್ದಾಳೆ, ಇನ್ನೊಬ್ಬ ಅಶೋಕ ರಸ್ತೆಯ ಬಳಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸರ್, ಒಂದು ಬಗ್ ಸಿಕ್ಕರೆ ಎಷ್ಟು ಕೊಡುತ್ತಾರೆ?"

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಹೇಳುವ ಮೊದಲು ನಾನು ಅವರಿಗೆ ಒಂದು ಕೆಲಸ ಕೊಡುತ್ತೇನೆ. ಯಾವುದಾದರೂ ಒಂದು ಕಂಪನಿಯ ಬಗ್ ಬೌಂಟಿ ನಿಯಮಗಳ ಪುಟವನ್ನು ಪೂರ್ತಿ ಓದಿ, ಓದಿದ್ದನ್ನು ಕನ್ನಡದಲ್ಲಿ ಅರ್ಧ ಪುಟ ಬರೆದುಕೊಂಡು ಬನ್ನಿ ಎನ್ನುತ್ತೇನೆ. ಮುಂದಿನ ಭಾನುವಾರ ಆ ಅರ್ಧ ಪುಟವನ್ನು ಹಿಡಿದು ಬಂದವರೇ ಈ ಕೆಲಸದಲ್ಲಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ನಮ್ಮ ಮನೆಗೆ ಬರಲಾಗದೆ ಹರಿಹರ, ಚನ್ನಗಿರಿ, ಹೊಳಲ್ಕೆರೆ, ಹಿರಿಯೂರಿನಲ್ಲಿ ಒಬ್ಬರೇ ಕುಳಿತು ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದು ಎಂತಹ ಕೆಲಸ

ಕಂಪನಿಯೊಂದು ತನ್ನ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿರುವ ಭದ್ರತಾ ಲೋಪವನ್ನು ಹುಡುಕಿ, ಬೇರೆ ಯಾರಿಗೂ ಹೇಳದೆ ತನಗೆ ಮಾತ್ರ ತಿಳಿಸಿದವರಿಗೆ ಹಣ ಕೊಡುತ್ತದೆ. ಇದೇ ಬಗ್ ಬೌಂಟಿ. 1995ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿಗೆ ಇಂತಹ ಬಹುಮಾನ ಘೋಷಿಸಿತ್ತು. 2004ರಲ್ಲಿ ಮೊಜಿಲ್ಲಾ ಗಂಭೀರ ಲೋಪವೊಂದಕ್ಕೆ 500 ಡಾಲರ್ ಕೊಡಲು ಆರಂಭಿಸಿತು. 2010ರಲ್ಲಿ ಗೂಗಲ್, 2011ರಲ್ಲಿ ಫೇಸ್‌ಬುಕ್, 2013ರಲ್ಲಿ ಮೈಕ್ರೋಸಾಫ್ಟ್ ಇದೇ ದಾರಿ ಹಿಡಿದವು. ಆಪಲ್ 2016ರಲ್ಲಿ ಆಹ್ವಾನಿತರಿಗೆ ಮಾತ್ರ ತೆರೆದಿದ್ದ ಬಾಗಿಲನ್ನು 2019ರ ಕೊನೆಗೆ ಎಲ್ಲರಿಗೂ ತೆರೆಯಿತು. ಅಮೆರಿಕದ ರಕ್ಷಣಾ ಇಲಾಖೆಯೇ 2016ರಲ್ಲಿ ಹ್ಯಾಕರ್‌ಗಳನ್ನು ಕರೆದು ತನ್ನ ವೆಬ್‌ಸೈಟ್‌ಗಳನ್ನು ಪರೀಕ್ಷಿಸಲು ಹೇಳಿದಾಗ 138 ನಿಜವಾದ ಲೋಪಗಳು ಸಿಕ್ಕಿದವು. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ ಆರೋಗ್ಯ ಸೇತು ಆ್ಯಪ್‌ನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ತೆರೆದಿಟ್ಟಾಗ ಕೇಂದ್ರ ಸರ್ಕಾರವೂ ಬಹುಮಾನ ಘೋಷಿಸಿತ್ತು. ಕಂಪನಿಗಳಿಗೂ ಹುಡುಕುವವರಿಗೂ ನಡುವೆ ನಿಂತು ವರದಿ, ಹಣ ಎರಡನ್ನೂ ನಿಭಾಯಿಸುವ ಹ್ಯಾಕರ್‌ಒನ್, ಬಗ್‌ಕ್ರೌಡ್‌ನಂತಹ ವೇದಿಕೆಗಳೂ ಇವೆ.

ಹಣದ ಮಾತಿಗೆ ಬರುತ್ತೇನೆ. ಬೆಂಗಳೂರಿನ ಆನಂದ್ ಪ್ರಕಾಶ್ 2016ರಲ್ಲಿ ಫೇಸ್‌ಬುಕ್‌ನ ಒಂದು ಲೋಪಕ್ಕೆ 15,000 ಡಾಲರ್ ಪಡೆದರು. ಚೆನ್ನೈನ ಲಕ್ಷ್ಮಣ್ ಮುತ್ತಯ್ಯ 2019ರಲ್ಲಿ ಇನ್‌ಸ್ಟಾಗ್ರಾಮ್‌ನ ಲೋಪಕ್ಕೆ 30,000 ಡಾಲರ್ ಪಡೆದರು. 2020ರಲ್ಲಿ ಭಾವುಕ್ ಜೈನ್ ಆಪಲ್ ಖಾತೆಯ ಮೂಲಕ ಬೇರೆ ಆ್ಯಪ್‌ಗಳಿಗೆ ಲಾಗಿನ್ ಆಗುವ ವ್ಯವಸ್ಥೆಯಲ್ಲಿ ಕಂಡ ಲೋಪಕ್ಕೆ 1 ಲಕ್ಷ ಡಾಲರ್ ಬಂತು. ಇವೆಲ್ಲ ನಿಜ. ಇವನ್ನು ಓದಿಯೇ ಹುಡುಗರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ.

ಆದರೆ ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದರೆ ಆ ಪಾಳಿಯ ಕೂಲಿ ಅವರ ಲೆಕ್ಕಕ್ಕೆ ಸೇರಿರುತ್ತಿತ್ತು. ಬಗ್ ಬೌಂಟಿಯಲ್ಲಿ ಆ ಭರವಸೆ ಇಲ್ಲ. ಹದಿನೈದು ರಾತ್ರಿ ಕುಳಿತು ಹುಡುಕಿದ ಲೋಪವನ್ನು ನಿಮಗಿಂತ ಒಂದು ಗಂಟೆ ಮೊದಲು ಬೇರೊಬ್ಬರು ತಿಳಿಸಿದ್ದರೆ ನಿಮಗೆ ಸಿಗುವುದು 'ಡೂಪ್ಲಿಕೇಟ್' ಎಂಬ ಒಂದು ಪದ, ಅಷ್ಟೆ. ನನ್ನ ಮೊದಲ ಆರು ವರದಿಗಳಲ್ಲಿ ನಾಲ್ಕು ಹಾಗೆಯೇ ಹೋದವು. ಆದ್ದರಿಂದ ಕಾಲೇಜು ಬಿಡಬೇಡಿ, ಇರುವ ಕೆಲಸ ಬಿಡಬೇಡಿ, ಸಾಲ ಮಾಡಿ ದುಬಾರಿ ಲ್ಯಾಪ್‌ಟಾಪ್ ಕೊಳ್ಳಬೇಡಿ. ವಾರಕ್ಕೆ ಎಂಟು ಹತ್ತು ಗಂಟೆ ಕೊಡಿ. ಒಂದು ವರ್ಷ ಒಂದು ರೂಪಾಯಿಯೂ ಬಾರದಿದ್ದರೂ ಮನೆ ನಡೆಯುವಂತಿರಲಿ.

1. ಮೊದಲು ಕಾನೂನು

ನನ್ನ ಅನುಭವವನ್ನೇ ಹೇಳುತ್ತೇನೆ. ಕಲಿಯಲು ಆರಂಭಿಸಿದ ಎರಡನೆಯ ವರ್ಷ, ಊರಿನ ಒಂದು ಶಿಕ್ಷಣ ಸಂಸ್ಥೆಯ ಶುಲ್ಕ ಪಾವತಿ ವೆಬ್‌ಸೈಟ್‌ನಲ್ಲಿ ಪರಿಚಯದ ಹುಡುಗನೊಬ್ಬನ ರಸೀದಿಯನ್ನು ತೆಗೆದುಕೊಡುತ್ತಿದ್ದೆ. ವಿಳಾಸದ ಕೊನೆಯಲ್ಲಿ ರಸೀದಿ ಸಂಖ್ಯೆ ಇತ್ತು. ಕುತೂಹಲಕ್ಕೆ ಒಂದು ಅಂಕಿ ಬದಲಿಸಿದೆ. ಬೇರೊಬ್ಬ ವಿದ್ಯಾರ್ಥಿನಿಯ ಹೆಸರು, ತಂದೆಯ ಫೋನ್ ಸಂಖ್ಯೆ, ಜಾತಿ ಪ್ರಮಾಣಪತ್ರದ ವಿವರ ಎಲ್ಲವೂ ತೆರೆದುಕೊಂಡವು. ಖಚಿತಪಡಿಸಿಕೊಳ್ಳಲು ಇನ್ನೂ ಹತ್ತು ಸಂಖ್ಯೆ ಹಾಕಿ ನೋಡಿದೆ, ಚಿತ್ರ ತೆಗೆದುಕೊಂಡೆ, ಮರುದಿನ ಸಂತೋಷದಿಂದ ಅವರ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಕುರ್ಚಿ ತೋರಿಸಲಿಲ್ಲ. "ನಿಮಗೆ ಇದನ್ನೆಲ್ಲ ನೋಡಲು ಯಾರು ಹೇಳಿದರು? ಸೈಬರ್ ಠಾಣೆಗೆ ದೂರು ಕೊಡಬೇಕಾಗುತ್ತದೆ" ಎಂದರು. ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ಅವರ ಎದುರಿಗೇ ಅಳಿಸಿ, ಬರೆದುಕೊಟ್ಟು ಬಂದೆ. ಆ ಲೋಪವನ್ನು ಅವರು ಸರಿಪಡಿಸಿದ್ದು ಏಳು ತಿಂಗಳ ನಂತರ.

ಅವರ ವರ್ತನೆಯ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಆದರೆ ಕಾನೂನು ಅವರ ಕಡೆಗಿತ್ತು ಎಂಬುದನ್ನು ಒಪ್ಪಲೇಬೇಕು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಪ್ರಕಾರ ಮಾಲೀಕರ ಅಥವಾ ಹೊಣೆ ಹೊತ್ತವರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಪ್ರವೇಶಿಸಿದರೆ, ಅಲ್ಲಿಂದ ಮಾಹಿತಿ ತೆಗೆದುಕೊಂಡರೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಂ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಾರವು ಸಂರಕ್ಷಿತ ವ್ಯವಸ್ಥೆ ಎಂದು ಘೋಷಿಸಿರುವುದಕ್ಕೆ ಕೈ ಹಾಕಿದರೆ 70ನೇ ಕಲಂ ಅಡಿ ಶಿಕ್ಷೆ 10 ವರ್ಷದವರೆಗೂ ಹೋಗಬಹುದು. ನಿಮ್ಮ ಉದ್ದೇಶ ಒಳ್ಳೆಯದಿತ್ತು ಎಂದು ನಿರೂಪಿಸುವ ಹೊತ್ತಿಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ, ನ್ಯಾಯಾಲಯಕ್ಕೆ ಎಷ್ಟು ಸಲ ಅಲೆದಿರುತ್ತೀರಿ ಎಂಬುದನ್ನು ಯೋಚಿಸಿ.

ಹಾಗಾದರೆ ಊರಿನ ಆಸ್ಪತ್ರೆ, ಸಹಕಾರಿ ಬ್ಯಾಂಕು, ಕಾಲೇಜು, ಪಾಲಿಕೆಯ ವೆಬ್‌ಸೈಟ್‌ಗಳನ್ನು ಪರೀಕ್ಷಿಸಬಹುದೇ? ಅವರು ಲಿಖಿತವಾಗಿ ಕರೆಯದಿದ್ದರೆ ಬೇಡ. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ನಾನು ಮಾಡಿದಂತೆ ಹತ್ತು ಸಂಖ್ಯೆ ಹಾಕಿ ನೋಡಬೇಡಿ. ಕಂಡದ್ದನ್ನು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿರುವ ಸರ್ಟ್-ಇನ್ ಸಂಸ್ಥೆಗೆ ಬರೆದು ತಿಳಿಸಿ. ಲೋಪಗಳ ಮಾಹಿತಿ ಸ್ವೀಕರಿಸಿ ಸಂಬಂಧಪಟ್ಟವರಿಗೆ ಮುಟ್ಟಿಸುವುದು ಅವರ ಕೆಲಸಗಳಲ್ಲಿ ಒಂದು. ಅಲ್ಲಿಂದ ನಿಮಗೆ ಹಣ ಬರುತ್ತದೆಂದು ಎಣಿಸಬೇಡಿ. ಆದರೆ ಆ ವಿದ್ಯಾರ್ಥಿನಿಯ ತಂದೆಯ ಫೋನ್ ಸಂಖ್ಯೆ ಊರೆಲ್ಲ ಹರಡುವುದು ತಪ್ಪುತ್ತದೆ.

2. ನಿಮ್ಮದೇ ಯಂತ್ರದಲ್ಲಿ ಕಲಿಯಿರಿ

8 ಜಿಬಿ ರ್‍ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಮೊಬೈಲ್ ಒಂದರಿಂದಲೇ ಈ ಕೆಲಸ ಕಲಿಯುವುದು ಕಷ್ಟ.

ಮೊದಲ ಎರಡು ತಿಂಗಳು ವೆಬ್‌ಸೈಟ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೀಸಲಿಡಿ. ಬ್ರೌಸರು ಸರ್ವರಿಗೆ (ವೆಬ್‌ಸೈಟ್ ಓಡುವ ಕಂಪ್ಯೂಟರಿಗೆ) ಕಳುಹಿಸುವ ರಿಕ್ವೆಸ್ಟ್, ಸರ್ವರು ಹಿಂದಿರುಗಿಸುವ ರೆಸ್ಪಾನ್ಸ್, ನೀವು ಯಾರೆಂದು ಸರ್ವರು ನೆನಪಿಟ್ಟುಕೊಳ್ಳಲು ಬಳಸುವ ಕುಕಿ, ಇವು ಮೂರು ಅರ್ಥವಾಗದೆ ಮುಂದಕ್ಕೆ ಹೋದವರು ಬೇರೆಯವರು ಬರೆದ ಉಪಕರಣಗಳ ಗುಂಡಿ ಒತ್ತುವುದರಲ್ಲೇ ಉಳಿಯುತ್ತಾರೆ. ಸ್ವಲ್ಪ ಜಾವಾಸ್ಕ್ರಿಪ್ಟ್, ಸ್ವಲ್ಪ ಪೈಥಾನ್ ಬಂದರೆ ಒಳ್ಳೆಯದು. ಸಾಧ್ಯವಾದರೆ ನೀವೇ ಒಂದು ಪುಟ್ಟ ಲಾಗಿನ್ ಪುಟ ಕಟ್ಟಿ ನೋಡಿ. ಕಟ್ಟಿದವರಿಗೇ ಎಲ್ಲೆಲ್ಲಿ ಆತುರದಲ್ಲಿ ಬಿಟ್ಟುಬಿಡುತ್ತೇವೆ ಎಂಬುದು ಗೊತ್ತಾಗುತ್ತದೆ.

ಆಮೇಲೆ ಪೋರ್ಟ್‌ಸ್ವಿಗರ್ ಸಂಸ್ಥೆಯ ವೆಬ್ ಸೆಕ್ಯುರಿಟಿ ಅಕಾಡೆಮಿಗೆ ಹೋಗಿ. ಪಾಠ, ಪ್ರಯೋಗಶಾಲೆ ಎಲ್ಲವೂ ಉಚಿತ. ಅದೇ ಸಂಸ್ಥೆಯ ಬರ್ಪ್ ಸೂಟ್ ಎಂಬ ಸಾಧನದ ಕಮ್ಯುನಿಟಿ ಆವೃತ್ತಿಯೂ ಉಚಿತ. ಅದು ನಿಮ್ಮ ಬ್ರೌಸರು ಮತ್ತು ಸರ್ವರಿನ ನಡುವೆ ಕುಳಿತು, ಹೋಗುವ ಪ್ರತಿ ರಿಕ್ವೆಸ್ಟನ್ನೂ ನಿಲ್ಲಿಸಿ ತೋರಿಸುತ್ತದೆ, ತಿದ್ದಲು ಬಿಡುತ್ತದೆ. ವೆಬ್ ಭದ್ರತೆಗಾಗಿ ಕೆಲಸ ಮಾಡುವ ಒವಾಸ್ಪ್ ಸಂಸ್ಥೆಯ ಜ್ಯೂಸ್ ಶಾಪ್ ಎಂಬ ಅಂಗಡಿಯ ವೆಬ್‌ಸೈಟ್ ಬೇಕೆಂದೇ ಲೋಪಗಳನ್ನಿಟ್ಟು ಕಟ್ಟಿದ್ದು. ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಳಿಸಿಕೊಂಡು ಎಷ್ಟು ಬೇಕಾದರೂ ಒಡೆಯಬಹುದು, ಯಾರೂ ಕೇಳುವುದಿಲ್ಲ.

ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿ ಹಿಂಜರಿಯುವುದನ್ನು ನೋಡಿದ್ದೇನೆ. ನನ್ನ ಸಲಹೆ ಇಷ್ಟೇ. ಪಾಠ ಮುಗಿದ ಕೂಡಲೇ ಪುಟ ಮುಚ್ಚಿ, ನಿಮಗೆ ಅರ್ಥವಾದದ್ದನ್ನು ಕನ್ನಡದಲ್ಲಿ ಐದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಎಂದು ತಿಳಿದು ಮತ್ತೆ ಓದಿ. ನಮ್ಮ ಬಿ.ಕಾಂ. ಹುಡುಗಿ ಹೀಗೆ ಬರೆದ ಎರಡು ನೋಟ್‌ಬುಕ್‌ಗಳು ಈಗ ಉಳಿದವರ ಕೈಯಲ್ಲಿ ಓಡಾಡುತ್ತಿವೆ.

3. ಸ್ಕೋಪ್ ಓದುವುದು

ಪ್ರತಿ ಬಗ್ ಬೌಂಟಿ ಕಾರ್ಯಕ್ರಮದ ಪುಟದಲ್ಲಿ ಯಾವ ವೆಬ್‌ಸೈಟ್, ಯಾವ ಆ್ಯಪ್ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿ ಇರುತ್ತದೆ. ಇದಕ್ಕೆ ಸ್ಕೋಪ್ ಎನ್ನುತ್ತಾರೆ. ಹೊಲದ ಬದು ಇದ್ದಂತೆ. ಬದುವಿನ ಈಚೆ ನಿಮಗೆ ಅನುಮತಿ ಇದೆ, ಆಚೆ ಹಿಂದೆ ಹೇಳಿದ ಕಲಂಗಳಿವೆ.

ಪೆನ್ನು ಹಿಡಿದು ಓದಿ. ಸರ್ವರನ್ನು ರಿಕ್ವೆಸ್ಟುಗಳಿಂದ ಮುಳುಗಿಸುವ ಪ್ರಯೋಗವನ್ನು, ಸಿಬ್ಬಂದಿಗೆ ಮೋಸದ ಕರೆ ಅಥವಾ ಇಮೇಲ್ ಮಾಡುವುದನ್ನು ಬಹುತೇಕ ಎಲ್ಲರೂ ನಿಷೇಧಿಸಿರುತ್ತಾರೆ. ತಾವಾಗಿಯೇ ಓಡಿ ಲೋಪ ಹುಡುಕುವ ಸ್ಕ್ಯಾನರ್‌ಗಳನ್ನು ಕೆಲವರು ಬಿಡುವುದಿಲ್ಲ. ಯಾವ ಬಗೆಯ ಲೋಪಕ್ಕೆ ಹಣವಿಲ್ಲ ಎಂಬ ಪಟ್ಟಿಯೂ ಇರುತ್ತದೆ, ಹೊಸಬರ ಅರ್ಧ ವರದಿಗಳು ಈ ಪಟ್ಟಿಗೇ ಬೀಳುತ್ತವೆ. ನಿಯಮ ಪಾಲಿಸಿ ಪರೀಕ್ಷಿಸಿದವರ ಮೇಲೆ ಕಾನೂನು ಕ್ರಮ ಕೈಗೊಳ್ಳುವುದಿಲ್ಲ ಎಂಬ ವಾಕ್ಯವನ್ನು ಹುಡುಕಿ. ಅದು ಇಲ್ಲದ ಕಾರ್ಯಕ್ರಮಕ್ಕೆ ಹೊಸಬರು ಹೋಗದಿರುವುದೇ ಮೇಲು. ನಿಮಗಿನ್ನೂ 18 ತುಂಬಿಲ್ಲದಿದ್ದರೆ ತಂದೆ ತಾಯಿಯ ಒಪ್ಪಿಗೆಯ ಬಗ್ಗೆ ಏನು ಹೇಳಿದೆ ನೋಡಿ.

ಕಾರ್ಯಕ್ರಮ ಇದೆಯೋ ಇಲ್ಲವೋ ತಿಳಿಯದಿದ್ದರೆ ಆ ವೆಬ್‌ಸೈಟ್‌ನಲ್ಲಿ 'ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ' (security.txt) ಎಂಬ ಪುಟ್ಟ ಕಡತವಿದೆಯೇ ಹುಡುಕಿ. ಲೋಪ ಕಂಡವರು ಯಾರಿಗೆ ಬರೆಯಬೇಕು ಎಂದು ಅದರಲ್ಲಿ ಹೇಳಿರುತ್ತಾರೆ. 2022ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಮಾದರಿಯೂ ರೂಪುಗೊಂಡಿದೆ. ಆದರೆ ಬರೆಯಲು ವಿಳಾಸ ಕೊಟ್ಟ ಮಾತ್ರಕ್ಕೆ ಹಣ ಕೊಡುತ್ತೇವೆ ಎಂದು ಅರ್ಥವಲ್ಲ.

4. ಹುಡುಕುವುದು

ಹೊಸಬರು ಒಂದೇ ದಿನ ಇಪ್ಪತ್ತು ಕಂಪನಿಗಳ ಬಾಗಿಲು ತಟ್ಟುತ್ತಾರೆ. ಒಂದನ್ನೇ ಹಿಡಿದು ಒಂದು ತಿಂಗಳು ಕೂರಿ. ಆ ಆ್ಯಪ್ಪನ್ನು ಗ್ರಾಹಕರಂತೆ ಬಳಸಿ, ಪ್ರತಿ ಗುಂಡಿ ಒತ್ತಿದಾಗ ಯಾವ ರಿಕ್ವೆಸ್ಟ್ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮೂರನೆಯ ವಾರದ ಹೊತ್ತಿಗೆ ಯಾವುದೋ ಒಂದು ರಿಕ್ವೆಸ್ಟ್ ಉಳಿದವುಗಳ ಹಾಗಿಲ್ಲ ಎಂದು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಕೆಲಸ ಶುರು.

ಮೊದಲು ಕಲಿಯಬೇಕಾದ ಲೋಪ ಯಾವುದು ಎಂದರೆ ಅಧಿಕಾರ ಪರಿಶೀಲನೆಯ ಲೋಪ ಎನ್ನುತ್ತೇನೆ. ಒವಾಸ್ಪ್ ಸಂಸ್ಥೆಯ 2021ರ ಹತ್ತು ಅಪಾಯಗಳ ಪಟ್ಟಿಯಲ್ಲಿ ಐದನೆಯ ಸ್ಥಾನದಿಂದ ಮೊದಲನೆಯದಕ್ಕೆ ಏರಿದ್ದು ಇದೇ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಪಾರ್ಸೆಲ್‌ಗೆ ಕಾಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ನಿಮ್ಮ ಟೋಕನ್ 41. ಕೌಂಟರಿಗೆ ಹೋಗಿ "ನಲವತ್ತೆರಡು" ಎನ್ನುತ್ತೀರಿ. ಅವರು ಚೀಟಿ ನೋಡದೆ ಪಕ್ಕದವರ ಪಾರ್ಸೆಲನ್ನು ನಿಮ್ಮ ಕೈಗಿಡುತ್ತಾರೆ. ನಾನು ಆ ಶುಲ್ಕದ ರಸೀದಿಯಲ್ಲಿ ಕಂಡದ್ದು ಇದನ್ನೇ. ಸರ್ವರು ನೀವು ಯಾರೆಂದು ತಿಳಿದಿದ್ದರೂ, ಕೇಳುತ್ತಿರುವ ವಸ್ತು ನಿಮ್ಮದೇ ಹೌದೇ ಎಂದು ನೋಡುವುದಿಲ್ಲ. ಇದನ್ನು ಯಾರಿಗೂ ತೊಂದರೆಯಾಗದಂತೆ ಪರೀಕ್ಷಿಸುವ ವಿಧಾನವಿದೆ. ನಿಮ್ಮ ಹೆಸರಿನಲ್ಲೇ ಎರಡು ಖಾತೆ ತೆರೆಯಿರಿ. ಎರಡನೆಯದರಲ್ಲಿ ಒಂದು ಆರ್ಡರ್ ಮಾಡಿ, ಅದರ ಸಂಖ್ಯೆ ಬರೆದುಕೊಳ್ಳಿ. ಮೊದಲನೆಯ ಖಾತೆಯಿಂದ ಆ ಸಂಖ್ಯೆಯನ್ನು ಕೇಳಿ. ಸಿಕ್ಕಿತೋ, ಲೋಪ ರುಜುವಾತಾಯಿತು. ಮೂರನೆಯವರ ಒಂದೇ ಒಂದು ಅಕ್ಷರವನ್ನೂ ನೀವು ನೋಡಲಿಲ್ಲ.

ಎರಡನೆಯದು ಪ್ರಯತ್ನಗಳಿಗೆ ಮಿತಿ ಇಲ್ಲದಿರುವುದು. ಸೂಟ್‌ಕೇಸಿನ ಮೂರು ಅಂಕಿಯ ಬೀಗವನ್ನು 000ದಿಂದ 999ರವರೆಗೆ ತಿರುಗಿಸುತ್ತಾ ಹೋದರೆ 1,000 ಸಲದೊಳಗೆ ತೆರೆಯಲೇಬೇಕು. ಆನಂದ್ ಪ್ರಕಾಶ್ ಕಂಡದ್ದು ಅದನ್ನು. ಪಾಸ್‌ವರ್ಡ್ ಮರೆತವರಿಗೆ ಫೇಸ್‌ಬುಕ್ 6 ಅಂಕಿಯ ಸಂಕೇತ ಕಳುಹಿಸುತ್ತಿತ್ತು. ಮುಖ್ಯ ವೆಬ್‌ಸೈಟ್‌ನಲ್ಲಿ ಹತ್ತು ಹನ್ನೆರಡು ಸಲ ತಪ್ಪಿದರೆ ತಡೆ ಬೀಳುತ್ತಿತ್ತು. ಅದೇ ಕಂಪನಿಯ ಪ್ರಾಯೋಗಿಕ ಬೀಟಾ ವೆಬ್‌ಸೈಟ್‌ನಲ್ಲಿ ಆ ತಡೆಯೇ ಇರಲಿಲ್ಲ. ಅವರು ಪರೀಕ್ಷಿಸಿದ್ದು ಸ್ವಂತ ಖಾತೆಯ ಮೇಲೆ. ಹೊಸ್ತಿಲಿಗೆ ಬೀಗ ಹಾಕಿ ಹಿತ್ತಲನ್ನು ಮರೆಯುವುದು ದೊಡ್ಡ ಕಂಪನಿಗಳಲ್ಲೂ ನಡೆಯುತ್ತದೆ. ಮುಖ್ಯ ಪುಟ ಬಿಟ್ಟು, ಸ್ಕೋಪಿನೊಳಗೇ ಇರುವ ಹಳೆಯ ಆವೃತ್ತಿ, ಮೊಬೈಲ್ ಆವೃತ್ತಿಗಳನ್ನು ನೋಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಲಕ್ಷ್ಮಣ್ ಮುತ್ತಯ್ಯ ಅವರದು ಇದರ ಮುಂದಿನ ಪಾಠ. ಇನ್‌ಸ್ಟಾಗ್ರಾಮ್‌ನಲ್ಲಿ ಮಿತಿ ಇತ್ತು. ಆದರೆ ಹಲವು ಐಪಿ ವಿಳಾಸಗಳಿಂದ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಗಳಿಂದ) ಒಂದೇ ಹೊತ್ತಿಗೆ ರಿಕ್ವೆಸ್ಟ್ ಕಳುಹಿಸಿದಾಗ ಆ ಮಿತಿಯ ಲೆಕ್ಕ ತಪ್ಪುತ್ತಿತ್ತು. ಒಂದೇ ಕೂಪನ್ನಿನ ನಕಲು ಹಿಡಿದು ಇಬ್ಬರು ಎರಡು ಕೌಂಟರಿನಲ್ಲಿ ಒಂದೇ ಕ್ಷಣಕ್ಕೆ ನಿಂತರೆ ಇಬ್ಬರಿಗೂ ಅಕ್ಕಿ ಸಿಕ್ಕಿಬಿಡುವಂತೆ. 6 ಅಂಕಿಗೆ 10 ಲಕ್ಷ ಸಾಧ್ಯತೆಗಳು, ಸಂಕೇತದ ಆಯಸ್ಸು 10 ನಿಮಿಷ. ಅವರು 1,000 ಐಪಿ ವಿಳಾಸಗಳಿಂದ 2 ಲಕ್ಷ ರಿಕ್ವೆಸ್ಟ್ ಕಳುಹಿಸಿ ತಡೆ ಬೀಳುವುದಿಲ್ಲ ಎಂದು ತೋರಿಸಿದರು. ಪೂರ್ತಿ ದಾಳಿಗೆ 5,000 ಐಪಿ, ಸುಮಾರು 150 ಡಾಲರ್ ಖರ್ಚು ಎಂಬ ಲೆಕ್ಕವನ್ನೂ ಕೊಟ್ಟರು. ಆ ಲೆಕ್ಕದಿಂದಲೇ ಅಪಾಯ ಎಷ್ಟು ಅಗ್ಗ ಎಂಬುದು ಓದುವವರಿಗೆ ತಟ್ಟುತ್ತದೆ.

ಇನ್ನೂ ಹಲವು ಬಗೆಗಳಿವೆ. ಅಕಾಡೆಮಿಯ ಪಾಠಗಳಲ್ಲಿ ಅವು ಒಂದೊಂದಾಗಿ ಬರುತ್ತವೆ, ಇಲ್ಲಿ ಬೆಳೆಸುವುದಿಲ್ಲ.

5. ವರದಿ ಬರೆಯುವುದು

ಕಂಪನಿ ಹಣ ಕೊಡುವುದು ಈ ಬರಹಕ್ಕೆ. ಲೋಪ ನಿಮ್ಮ ತಲೆಯಲ್ಲಿದ್ದರೆ ಅವರಿಗೇನು ಲಾಭ? ನನ್ನ ಹುಡುಗರು ಹುಡುಕುವುದಕ್ಕೆ ಹತ್ತು ರಾತ್ರಿ ಕೊಟ್ಟು ವರದಿಗೆ ಹತ್ತು ನಿಮಿಷ ಕೊಡುತ್ತಿದ್ದರು. ಅದನ್ನು ಬಿಡಿಸಲು ನಾನು ಪಟ್ಟ ಪಾಡು ಇನ್ನಾವುದಕ್ಕೂ ಪಟ್ಟಿಲ್ಲ. ಒಬ್ಬ ಹುಡುಗ ಬರೆದ ಮೊದಲ ವರದಿ ಹೀಗಿತ್ತು: "ನಿಮ್ಮ ಸೈಟಿನಲ್ಲಿ ದೊಡ್ಡ ಬಗ್ ಇದೆ. ಎಲ್ಲ ಗ್ರಾಹಕರ ಮಾಹಿತಿ ಸೋರುತ್ತಿದೆ. ಬೇಗ ಉತ್ತರಿಸಿ. ಬೌಂಟಿ ಎಷ್ಟು ಕೊಡುತ್ತೀರಿ?" ಇದನ್ನು ಓದುವವರು ದಿನಕ್ಕೆ ಹತ್ತಾರು ವರದಿ ನೋಡುವ ಪರಿಶೀಲಕರು. ಅವರಿಗೆ ಇದರಲ್ಲಿ ಹಿಡಿಯಲು ಏನೂ ಇಲ್ಲ.

ತರಗತಿಯಲ್ಲಿ ಅಭ್ಯಾಸಕ್ಕೆಂದು ನಾವೇ ಕಟ್ಟಿದ ಊಟದ ಆ್ಯಪ್ಪಿನ ಮೇಲೆ ಅವನೇ ತಿದ್ದಿ ಬರೆದದ್ದು ಹೀಗೆ:

ಶೀರ್ಷಿಕೆ: ಬಿಲ್ ಸಂಖ್ಯೆ ಬದಲಿಸಿದರೆ ಬೇರೊಬ್ಬ ಗ್ರಾಹಕರ ವಿಳಾಸ ಮತ್ತು ಫೋನ್ ಸಂಖ್ಯೆ ಕಾಣುತ್ತದೆ.
ಎಲ್ಲಿ: ಬಿಲ್ ತೋರಿಸುವ ಪುಟ, ಬಿಲ್ ಸಂಖ್ಯೆಯ ಜಾಗ.
ಹೇಗೆ: 'ಅ' ಮತ್ತು 'ಆ' ಎಂಬ ಎರಡು ಖಾತೆ ತೆರೆಯಿರಿ (ನಾನು ಬಳಸಿದ ಎರಡೂ ನನ್ನವೇ). 'ಆ' ಖಾತೆಯಲ್ಲಿ ಆರ್ಡರ್ ಮಾಡಿ ಬಿಲ್ ಸಂಖ್ಯೆ ಗುರುತು ಹಾಕಿಕೊಳ್ಳಿ. 'ಅ' ಖಾತೆಯಿಂದ ಲಾಗಿನ್ ಆಗಿ ಯಾವುದಾದರೂ ಬಿಲ್ ತೆರೆಯಿರಿ. ರಿಕ್ವೆಸ್ಟನ್ನು ತಡೆದು, ಅದರಲ್ಲಿರುವ ಸಂಖ್ಯೆಯ ಬದಲು 'ಆ' ಖಾತೆಯ ಬಿಲ್ ಸಂಖ್ಯೆ ಹಾಕಿ ಕಳುಹಿಸಿ.
ಆಗಬೇಕಾದದ್ದು: ಅನುಮತಿ ಇಲ್ಲ ಎಂಬ ಉತ್ತರ. ಆಗುತ್ತಿರುವುದು: 'ಆ' ಖಾತೆಯ ಪೂರ್ತಿ ಬಿಲ್ ಕಾಣುತ್ತದೆ.
ಪರಿಣಾಮ: ಸಂಖ್ಯೆಗಳು ಒಂದರ ನಂತರ ಒಂದಾಗಿ ಬರುವುದರಿಂದ ಲಾಗಿನ್ ಇರುವ ಯಾರಾದರೂ ಎಲ್ಲ ಗ್ರಾಹಕರ ವಿಳಾಸ, ಫೋನ್ ಸಂಖ್ಯೆಯನ್ನು ಪಡೆಯಬಹುದು. ನಾನು ನನ್ನ ಎರಡು ಖಾತೆಗಳನ್ನು ಬಿಟ್ಟು ಬೇರೆ ಯಾವುದನ್ನೂ ತೆರೆದಿಲ್ಲ.
ಪರಿಹಾರ: ಬಿಲ್ ಕೇಳುತ್ತಿರುವವರೇ ಅದರ ಮಾಲೀಕರೇ ಎಂದು ಸರ್ವರಿನಲ್ಲಿ ಪರಿಶೀಲಿಸಬೇಕು.

ಇಷ್ಟನ್ನು ಸರಳ ಇಂಗ್ಲಿಷಿನಲ್ಲಿ ಬರೆದರೆ ಆಯಿತು. ವ್ಯಾಕರಣ ಅಲ್ಲಲ್ಲಿ ತಪ್ಪಿದರೆ ಯಾರೂ ಹಣ ಕಡಿಮೆ ಮಾಡುವುದಿಲ್ಲ. ಹಂತ ತಪ್ಪಿದರೆ ವರದಿಯೇ ಹೋಗುತ್ತದೆ. ಕಳುಹಿಸುವ ಮೊದಲು ಪಕ್ಕದಲ್ಲಿ ಕುಳಿತವರಿಗೆ ಓದಿಸಿ, ನೀವು ಬಾಯಿ ತೆರೆಯದೆ ಅವರು ಅದನ್ನು ಮಾಡಿ ತೋರಿಸಲಿ.

ಪರಿಣಾಮದ ಭಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. ಚಿತ್ರದುರ್ಗದ ಕೋಟೆ ಏಳು ಸುತ್ತಿನದು, ಅಷ್ಟು ದೊಡ್ಡ ಕಲ್ಲಿನ ಕಟ್ಟಡದಲ್ಲಿ ಬಿರುಕು ಸಂದುಗಳಿಗೆ ಕೊರತೆ ಇಲ್ಲ. ಓಬವ್ವನ ಕಿಂಡಿ ಜನರ ನೆನಪಿನಲ್ಲಿ ಉಳಿದದ್ದು ಅದರೊಳಗೆ ಒಬ್ಬ ಸೈನಿಕ ನುಸುಳಿ ಬರಬಹುದಿತ್ತು ಎಂಬ ಕಾರಣಕ್ಕೆ. ನೀವು ಕಂಡ ಸಂದಿನಲ್ಲಿ ಯಾರು ನುಸುಳಬಹುದು, ನುಸುಳಿದರೆ ಅವರ ಕೈಗೆ ಏನು ಸಿಗುತ್ತದೆ, ಅದಕ್ಕೆ ಲಾಗಿನ್ ಬೇಕೇ, ಬಲಿಯಾಗುವವರು ಏನಾದರೂ ಒತ್ತಬೇಕೇ, ಇವನ್ನು ಹೇಳಿ. ಕಂಪನಿಗಳು ತೀವ್ರತೆಯನ್ನು 0ಯಿಂದ 10ರವರೆಗಿನ ಸಿವಿಎಸ್ಎಸ್ ಅಂಕದಲ್ಲಿ ಅಳೆಯುವಾಗ ಕೇಳಿಕೊಳ್ಳುವ ಪ್ರಶ್ನೆಗಳೂ ಇಂಥವೇ. ಇಲ್ಲದ ಪರಿಣಾಮವನ್ನು ಹಿಗ್ಗಿಸಿ ಬರೆಯಬೇಡಿ, ಪರಿಶೀಲಕರಿಗೆ ಒಂದು ಸಲ ನಂಬಿಕೆ ಹೋದರೆ ಮುಂದಿನ ನಿಜವಾದ ವರದಿಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಎಐ ಬಗ್ಗೆ ಇಲ್ಲೇ ಹೇಳಬೇಕು. ಇಂಗ್ಲಿಷ್ ತಿದ್ದಿಸಿಕೊಳ್ಳಲು ಬಳಸಿ, ಅಡ್ಡಿಯಿಲ್ಲ. ಲೋಪವನ್ನೇ ಅದರ ಬಾಯಿಂದ ಹೇಳಿಸಿ, ಪರೀಕ್ಷಿಸದೆ ಕಳುಹಿಸಬೇಡಿ. ಜಗತ್ತಿನ ಅಸಂಖ್ಯ ಸಾಧನಗಳಲ್ಲಿರುವ ಕರ್ಲ್ ಎಂಬ ತಂತ್ರಾಂಶವನ್ನು ಕಟ್ಟಿದ ಡೇನಿಯಲ್ ಸ್ಟೆನ್‌ಬರ್ಗ್ ಇಂತಹ ಹುಸಿ ವರದಿಗಳ ಬಗ್ಗೆ 2024ರ ಆರಂಭದಲ್ಲೇ ಬರೆದಿದ್ದರು. ಕೊನೆಗೆ 2026ರ ಜನವರಿಯಲ್ಲಿ ಕರ್ಲ್ ತನ್ನ ಬಹುಮಾನ ಯೋಜನೆಯನ್ನೇ ನಿಲ್ಲಿಸಿತು. ನಿಜವಾಗಿ ದುಡಿಯುತ್ತಿದ್ದವರ ಅನ್ನಕ್ಕೂ ಅದರಿಂದ ಕಲ್ಲು ಬಿತ್ತು. ನನಗೆ ಇದು ತುಂಬಾ ನೋವಿನ ಸಂಗತಿ.

6. ಕಳುಹಿಸಿದ ಮೇಲೆ

ಕಾಯಬೇಕು. ಕೆಲವೊಮ್ಮೆ ಎರಡು ದಿನ, ಕೆಲವೊಮ್ಮೆ ಎರಡು ತಿಂಗಳು. ಎರಡು ವಾರಕ್ಕೊಮ್ಮೆ ವಿನಯದಿಂದ ಒಂದು ಸಾಲು ಕೇಳಬಹುದು, ದಿನವೂ ಕೇಳಬಾರದು. ಡೂಪ್ಲಿಕೇಟ್ ಎಂದು ಬಂದರೆ ನಿಮ್ಮ ಕಣ್ಣು ಸರಿಯಾದ ಜಾಗಕ್ಕೇ ಹೋಗಿತ್ತು ಎಂದು ತಿಳಿಯಿರಿ. ಇದು ಲೋಪವಲ್ಲ ಎಂದರೆ ಮತ್ತೊಮ್ಮೆ ಓದಿ, ನಿಮ್ಮ ವಾದದಲ್ಲಿ ಹುರುಳಿದ್ದರೆ ಒಂದೇ ಸಲ ಸ್ಪಷ್ಟವಾಗಿ ವಿವರಿಸಿ, ಅಲ್ಲಿಗೆ ಬಿಡಿ.

ಸಿಟ್ಟು ಬಂದಾಗ ಏನು ಮಾಡಬಾರದು ಎಂಬುದಕ್ಕೆ ಖಲೀಲ್ ಶ್ರೆಯತೆಹ್ ಅವರ ಕಥೆಯನ್ನು ಹೇಳುತ್ತೇನೆ. 2013ರಲ್ಲಿ ಪ್ಯಾಲೆಸ್ಟೀನಿನ ಈ ಯುವಕ ಯಾರ ಫೇಸ್‌ಬುಕ್ ಗೋಡೆಯ ಮೇಲಾದರೂ ಬರೆಯಬಹುದಾದ ಲೋಪವನ್ನು ತಿಳಿಸಿದರು. ಕಂಪನಿಯವರು ಅದು ಬಗ್ ಅಲ್ಲ ಎಂದರು. ಆಗ ಖಲೀಲ್, ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್ ಅವರ ಗೋಡೆಯ ಮೇಲೆಯೇ ಬರೆದು ತೋರಿಸಿದರು. ಲೋಪ ನಿಜವೆಂದು ಒಪ್ಪಿದರೂ, ಬೇರೆಯವರ ಖಾತೆಯ ಮೇಲೆ ಪ್ರಯೋಗ ಮಾಡಿದ್ದರಿಂದ ಕಂಪನಿ ಬಹುಮಾನ ಕೊಡಲಿಲ್ಲ. ಭದ್ರತಾ ಕ್ಷೇತ್ರದ ಇತರರು ಚಂದಾ ಎತ್ತಿ 10,000 ಡಾಲರ್‌ಗೂ ಹೆಚ್ಚು ಕೊಟ್ಟರು. ಕಂಪನಿಯ ಪರಿಶೀಲಕರು ಅಂದು ಸರಿಯಾಗಿ ಓದಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ನಮಗೆಲ್ಲ ಚಂದಾ ಎತ್ತುವವರು ಸಿಗುವುದಿಲ್ಲ. ಎರಡು ಖಾತೆಗಳಲ್ಲಿ ವಿಡಿಯೊ ಮಾಡಿ ಕಳುಹಿಸಿದ್ದರೆ ಮಾತು ಬೇರೆಯಾಗುತ್ತಿತ್ತು.

"ಹಣ ಕೊಡಿ, ಇಲ್ಲವಾದರೆ ಬಹಿರಂಗ ಮಾಡುತ್ತೇನೆ" ಎಂಬ ಸಾಲನ್ನು ಯಾವ ಕಾರಣಕ್ಕೂ ಬರೆಯಬೇಡಿ. ಅದು ಬೌಂಟಿಯಾಗಿ ಉಳಿಯುವುದಿಲ್ಲ, ಸುಲಿಗೆಯಾಗುತ್ತದೆ. 2016ರಲ್ಲಿ ಊಬರ್‌ನಿಂದ 5.7 ಕೋಟಿ ಜನರ ಮಾಹಿತಿ ಕದ್ದವರಿಗೆ ಕಂಪನಿ 1 ಲಕ್ಷ ಡಾಲರ್ ಕೊಟ್ಟು ಅದನ್ನು ಬಗ್ ಬೌಂಟಿ ಎಂದು ತೋರಿಸಿತು. ಕದ್ದವರೂ ಸಿಕ್ಕಿಬಿದ್ದರು, ಮುಚ್ಚಿಟ್ಟ ಭದ್ರತಾ ಮುಖ್ಯಸ್ಥ ಜೋ ಸಲಿವನ್ ಕೂಡ 2022ರಲ್ಲಿ ಅಪರಾಧಿ ಎಂದು ಸಾಬೀತಾದರು. ಲೋಪವನ್ನು ಸರಿಪಡಿಸಿದ ಮೇಲೆ, ಕಂಪನಿ ಒಪ್ಪಿದರೆ, ಅದರ ಬಗ್ಗೆ ನಿಮ್ಮ ಹೆಸರಿನಲ್ಲಿ ಬರೆದು ಪ್ರಕಟಿಸಬಹುದು. ಮುಂದೆ ಕೆಲಸ ಕೇಳುವಾಗ ಅಂಕಪಟ್ಟಿಗಿಂತ ಆ ಬರಹ ಹೆಚ್ಚು ಮಾತನಾಡುತ್ತದೆ.

7. ಡಾಲರ್ ಬಂದಾಗ

ಅಮೆರಿಕದ ವೇದಿಕೆಗಳು ಹಣ ಕೊಡುವ ಮೊದಲು ಡಬ್ಲ್ಯೂ-8ಬೆನ್ ಎಂಬ ತೆರಿಗೆ ಅರ್ಜಿಯನ್ನು ತುಂಬಿಸಿಕೊಳ್ಳುತ್ತವೆ. ನೀವು ಅಮೆರಿಕದ ಪ್ರಜೆಯಲ್ಲ ಎಂದು ತಿಳಿಸುವ ಕಾಗದ ಅದು. ಪ್ಯಾನ್ ಕಾರ್ಡ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಹೆಸರು ಪ್ಯಾನ್‌ನಲ್ಲಿ ಒಂದು ರೀತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ರೀತಿ ಇದ್ದು ಹಣ ಸಿಕ್ಕಿಹಾಕಿಕೊಂಡ ಪ್ರಸಂಗ ನಮ್ಮಲ್ಲೇ ಆಗಿದೆ. ವಿದೇಶದಿಂದ ಹಣ ಬಂದಾಗ ಬ್ಯಾಂಕು ಯಾವ ಉದ್ದೇಶಕ್ಕೆ ಎಂದು ಕೇಳುತ್ತದೆ. ಬಹುಮಾನದ ಇಮೇಲ್, ವರದಿಯ ಸಂಖ್ಯೆ, ಹಣ ಬಂದ ದಿನ ಇವನ್ನು ಒಂದು ಕಡತದಲ್ಲಿ ಇಟ್ಟಿರಿ.

ಈ ಆದಾಯಕ್ಕೆ ತೆರಿಗೆ ಇದೆ. ರಿಟರ್ನ್ ಸಲ್ಲಿಸುವಾಗ ತೋರಿಸಲೇಬೇಕು. ವರ್ಷದ ತೆರಿಗೆ 10,000 ರೂಪಾಯಿ ದಾಟುವಂತಿದ್ದರೆ ಮುಂಗಡ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಮೊದಲ ದೊಡ್ಡ ಮೊತ್ತ ಬಂದ ವಾರವೇ ಒಬ್ಬ ಲೆಕ್ಕ ಪರಿಶೋಧಕರನ್ನು ಕಾಣಿ. ನಮ್ಮೂರಿನ ಹಲವು ಆಡಿಟರ್‌ಗಳಿಗೆ ಬಗ್ ಬೌಂಟಿ ಎಂಬುದು ಹೊಸದು, ತಾಳ್ಮೆಯಿಂದ ವಿವರಿಸಿ, ಕಾರ್ಯಕ್ರಮದ ನಿಯಮಗಳ ಪುಟವನ್ನು ಮುದ್ರಿಸಿಕೊಂಡು ಹೋಗಿ.

ಮನೆಯವರಿಗೂ ಮೊದಲೇ ಹೇಳಿಡಿ. ರಿಪೇರಿ ಅಂಗಡಿಯ ಹುಡುಗನಿಗೆ ಮೊದಲ ಸಲ 250 ಡಾಲರ್ ಬಂದಾಗ ಅವರ ತಂದೆ ಗಾಬರಿಯಾಗಿ ಅವನನ್ನು ಕರೆದುಕೊಂಡು ನನ್ನ ಮನೆಗೆ ಬಂದರು. "ಮೇಷ್ಟ್ರೇ, ಇವನು ಏನೂ ಕಳ್ಳತನ ಮಾಡಿಲ್ಲ ತಾನೇ?" ಎಂದು ಕೇಳಿದರು. ಅವನು ಕನ್ನಡದಲ್ಲಿ ಬರೆದುಕೊಂಡಿದ್ದ ಆ ಅರ್ಧ ಪುಟ ನಿಯಮಗಳನ್ನು ತೆಗೆದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಮಗನ ಕಡೆ ತಿರುಗಿ, ಇನ್ನು ಅಂಗಡಿಯಿಂದ ಬಂದ ಮೇಲೆ ರಾತ್ರಿ ಎಷ್ಟು ಹೊತ್ತು ದೀಪ ಉರಿಯಬೇಕು ಎಂದು ಕೇಳಿದರು.